ಗುಂಡಿ ನನ್ನದು, ಕೊಕ್ಕೆಯೂ ನನ್ನದೇ

ದೊಡ್ಡ ಪಾಪ ಮಾಡಲು ಧೈರ್ಯ ಬೇಕು, ಬುದ್ಧಿ ಬೇಕು, ಒಂದಿಷ್ಟು ಮೈಕಟ್ಟೂ ಬೇಕು. ಅದು ನನ್ನಂಥವನಿಗೆ ಎಟುಕುವ ಸಂಗತಿಯಲ್ಲ. ಸಣ್ಣ ಪಾಪ ಹಾಗಲ್ಲ. ಬಾಯಿ ತೆರೆಯಬೇಕಾದಾಗ ಮುಚ್ಚಿಕೊಂಡಿದ್ದು, ಮುಚ್ಚಿಕೊಂಡಿರಬೇಕಾದಾಗ ತೆರೆದರೆ ಸಾಕು, ಪಾಪ ತಾನಾಗಿ ಆಗಿಬಿಡುತ್ತದೆ. ಈ ಕಸುಬಿನಲ್ಲಿ ನನಗೆ ಒಳ್ಳೆಯ ಅನುಭವವಿದೆ. ಇದನ್ನು ದೇವರೆದುರು ಹೇಳಿಕೊಂಡು ಒಂದು ತೆಂಗಿನಕಾಯಿಯಲ್ಲಿ ಮುಗಿಸಿಬಿಡೋಣ ಎಂದು ಒಮ್ಮೆ ಹೊರಟೂ ಇದ್ದೆ. ಗರ್ಭಗುಡಿಯ ಮುಂದೆ ನಿಂತಾಗ ಅನುಮಾನ ಬಂತು. ಯಾವ ದೇವರನ್ನು ನೋಡಿದರೂ ಮೈಮೇಲೆ ಅಂಗಿಯಿಲ್ಲ. ಅಂಗಿಯನ್ನೇ ತೊಡದವನಿಗೆ ಗುಂಡಿಯ ಸಂಕಟ ಏನು ತಿಳಿದೀತು? ಕಾಯಿ ವಾಪಸು ತಂದು ಚಟ್ನಿ ಮಾಡಿಸಿಕೊಂಡು ತಿಂದೆ. ಅಂಗಿ ತೊಡುವ ನಿಮ್ಮೆದುರಿಗೇ ಹೇಳುವುದು ಮೇಲು ಎಂದು ಈಗ ಕೂತಿದ್ದೇನೆ. ಹೋದ ವರ್ಷ ನಮ್ಮ ಎಸ್ಟೇಟಿನ ಕಾಫಿಯಲ್ಲಿ ಸಿಕ್ಕಿದ, ನೀಲಿ ಅಂಚಿನ ಬಿಳಿ ಗುಂಡಿ ಹಣ್ಣು ಕುಯ್ಯುವ ಜಯಮ್ಮನದಲ್ಲ. ಅದು ನನ್ನದು. ನನ್ನ ಅಂಗಿಯಲ್ಲಿ ಮೇಲಿನಿಂದ ನಾಲ್ಕನೆಯದು, ಹೊಟ್ಟೆಯ ಸರಿಯಾದ ನಡುಮಧ್ಯದ್ದು.

ನಾನು ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ರೈಟರ್ ಎಂದ ಕೂಡಲೇ ಕತೆ, ಕಾದಂಬರಿ ಎಂದು ಗೌರವದಿಂದ ನೋಡಬೇಡಿ. ಇಂದು ಕೆಲಸಕ್ಕೆ ಯಾರು ಬಂದರು, ಯಾರು ಬರಲಿಲ್ಲ, ಎಷ್ಟು ಚೀಲ ಹಣ್ಣಾಯಿತು ಎಂದು ಬರೆದಿಡುವವನೇ ನಮ್ಮಲ್ಲಿ ರೈಟರ್. ನನ್ನ ಅಪ್ಪ ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬೇಸಾಯಕ್ಕೆಂದು ಬಂದವರು. ನನಗೆ ನೇಗಿಲು ಒಗ್ಗಲಿಲ್ಲ. ಎಸ್ಸೆಸ್ಸೆಲ್ಸಿ ಎರಡನೆಯ ಸಲಕ್ಕೆ ಪಾಸಾಗಿ, ಅಕ್ಷರ ದುಂಡಗಿದ್ದ ಒಂದೇ ಕಾರಣಕ್ಕೆ ಈ ಕೆಲಸ ಹಿಡಿದೆ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಹಣ್ಣು ಕುಯ್ಯುವ ಪಿಕಿಂಗ್ ಶುರುವಾಯಿತೆಂದರೆ ಧಣಿಗಳು, ಅಂದರೆ ಎಸ್ಟೇಟಿನ ಮಾಲೀಕರಾದ ಪೊನ್ನಪ್ಪನವರು, ಜೀಪು ಕಳಿಸಿ ಕರೆಸಿಕೊಳ್ಳುತ್ತಾರೆ. ನಾನೂ ಹೆಂಡತಿ ಸಾವಿತ್ರಿಯೂ ಎರಡು ಮೂರು ತಿಂಗಳು ಅಲ್ಲಿನ ಹಳೆಯ ಕ್ವಾರ್ಟರ್ಸಿನಲ್ಲಿ ಇರುತ್ತೇವೆ. ಕೆಲಸ ಕಡಿಮೆ, ಊಟ ಜಾಸ್ತಿ. ಹೊಟ್ಟೆ ಬಂದದ್ದು ಹೀಗೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲ.

ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸುಲಿದು ತೊಳೆದ ಕಾಫಿಯನ್ನು ಕಣದಲ್ಲಿ ಹರಡಿ ಒಣಗಿಸುತ್ತಾರಲ್ಲ, ಅದು ಒಣಗಿದೆಯೋ ಇಲ್ಲವೋ ಎಂದು ನೋಡಲು ಒಬ್ಬೊಬ್ಬರದು ಒಂದೊಂದು ಕ್ರಮ. ಕೆಲವರು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಕೆಲವರು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ನನ್ನ ಕ್ರಮ ಬೇರೆ. ನಾನು ಅದರ ಮೇಲೆ ಮಲಗಿ ನೋಡುತ್ತೇನೆ. ಡಿಸೆಂಬರಿನ ಚಳಿಗೆ, ಮಧ್ಯಾಹ್ನದ ಊಟವಾದ ಮೇಲೆ, ಬಿಸಿಲುಂಡ ಕಾಫಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿದರೆ ಒಣಗಿದ್ದು ಎಷ್ಟು, ಒಣಗದ್ದು ಎಷ್ಟು ಎಂದು ಮೈಗೇ ತಿಳಿದುಬಿಡುತ್ತದೆ. ಆ ದಿನವೂ ಹೀಗೇ ಅರ್ಧ ಗಂಟೆ ಪರೀಕ್ಷೆ ಮಾಡಿ, ಎದ್ದು ಕೂತು ಮೈಮುರಿದೆ. ಟಪ್ ಎಂದು ಒಂದು ಸದ್ದಾಯಿತು. ಕಾಫಿ ಬೀಜ ಸಿಡಿಯಿತು ಎಂದುಕೊಂಡೆ. ಅಷ್ಟು ವರ್ಷಗಳ ಅನುಭವದಲ್ಲಿ ಕಾಫಿ ಬೀಜ ಬಿಸಿಲಿಗೆ ಸಿಡಿದದ್ದನ್ನು ಒಂದು ಸಲವೂ ಕಂಡವನಲ್ಲ, ಆದರೂ ಹಾಗೆಂದುಕೊಂಡೆ.

ಎರಡು ವಾರ ಕಳೆದು ಒಂದು ಸಂಜೆ ಪೊನ್ನಪ್ಪನವರು ಫೋನು ಹಿಡಿದುಕೊಂಡು ಕಣದ ಹತ್ತಿರ ಬಂದರು. ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯವರು ನಮ್ಮ ಕಾಫಿಯ ಸ್ಯಾಂಪಲ್ಲಿನಲ್ಲಿ ಒಂದು ಗುಂಡಿ ಸಿಕ್ಕಿತೆಂದು ಫೋಟೋ ಕಳಿಸಿದ್ದರು. ಬಿಳಿ ಕಾಗದದ ಮೇಲೆ ಗುಂಡಿ, ಪಕ್ಕದಲ್ಲಿ ಒಂದು ಕಾಫಿ ಬೀಜ. ಎರಡೂ ಒಂದೇ ಅಳತೆ, ಅಣ್ಣ ತಮ್ಮಂದಿರ ಹಾಗೆ.

“ಎಂಥ ರೈಟ್ರೇ ಇದು? ಕಾಫಿ ಕಳಿಸಿ ಅಂದ್ರೆ ಟೈಲರ್ ಶಾಪು ಕಳಿಸಿದ್ದೀರಲ್ಲ!” ಎಂದರು.

ನಾನು ಗುಂಡಿಯನ್ನು ನೋಡಿದೆ. ಗುಂಡಿಯೂ ನನ್ನನ್ನು ಗುರುತು ಹಿಡಿಯಿತು. ಇಲ್ಲಿ ಒಂದು ಮಾತು ಹೇಳಬೇಕು. ಕುಯ್ದ ಹಣ್ಣಿನ ಜೊತೆ ಗುಂಡಿ ಬಂದಿದ್ದರೆ ಅದು ಪಲ್ಪರಿನ ಹೊಟ್ಟೆಯೊಳಗೆ ಹೋಗಿ ಬರಬೇಕು. ಹಾಗೆ ಬಂದದ್ದು ಒಡೆದಿರುತ್ತದೆ. ಒಡೆಯದಿದ್ದರೆ ಮೈಯೆಲ್ಲ ಗೀರಾಗಿರುತ್ತದೆ. ಈ ಗುಂಡಿ ಮದುಮಗನಂತೆ ಹೊಳೆಯುತ್ತಿತ್ತು. ಎಂದರೆ ಬಿದ್ದದ್ದು ಕಣದಲ್ಲಿ. ಕಣದಲ್ಲಿ ದಿನವೂ ಓಡಾಡುವವರು ಕಾಫಿ ಎಳೆಯುವ ಇಬ್ಬರು ಬನಿಯನ್ನಿನ ಆಳುಗಳು, ಮತ್ತು ಅಂಗಿಯ ನಾನು. ಇದು ಎರಡನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾದವನಿಗೂ ಹೊಳೆಯುವ ಲೆಕ್ಕ. ಕೋಪದಲ್ಲಿದ್ದ ಧಣಿಗಳಿಗೆ ಹೊಳೆಯಲಿಲ್ಲ. “ಯಾರದು ಇದು?” ಎಂದು ಕೇಳಿದರು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

“ಪಿಕಿಂಗಿನವರದ್ದು ಇರಬೇಕು ಸಾರ್.”

ನಮ್ಮಲ್ಲಿ ಹಣ್ಣು ಕುಯ್ಯುವ ಹೆಂಗಸರು ಸೀರೆಯ ಮೇಲೆ ಗಂಡನದೋ ಮಗನದೋ ತುಂಬು ತೋಳಿನ ಹಳೆಯ ಅಂಗಿ ತೊಟ್ಟು, ತಲೆಗೆ ಬಟ್ಟೆ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಲಸಕ್ಕೆ ಇಳಿಯುತ್ತಾರೆ. ಅಂಗಿ ಚಳಿಗಲ್ಲ, ಚಗಳಿಗೆ. ಕಾಫಿ ಗಿಡದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆಗೆ ಅಂಗಿಯಲ್ಲಿ ಒಂದು ಬೆರಳಿನಷ್ಟು ಸಂದು ಕಂಡರೆ ಸಾಕು, ನೆಂಟರ ಮನೆಗೆ ಬಂದ ಹಾಗೆ ಸಂಸಾರ ಸಮೇತ ಒಳಗೆ ಹೋಗುತ್ತದೆ. ಆದ್ದರಿಂದ ಕುಯ್ಯುವವರಿಗೆ ಗುಂಡಿಯೆಂದರೆ ಅಲಂಕಾರವಲ್ಲ, ಕೋಟೆಯ ಬಾಗಿಲು.

ಮಾರನೆಯ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಧಣಿಗಳು ಕುಯ್ಯುವ ಇಪ್ಪತ್ತೆಂಟು ಜನ ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಗುಂಡಿ ಎಣಿಸಿದರು. ಜಯಮ್ಮನ ಅಂಗಿಯಲ್ಲಿ ಎರಡು ಇರಲಿಲ್ಲ. ಆ ಜಾಗದಲ್ಲಿ ಪಿನ್ನು ಚುಚ್ಚಿತ್ತು. ಜಯಮ್ಮ ಪಿರಿಯಾಪಟ್ಟಣದ ಕಡೆಯವಳು, ಆಳುಗಳ ಲೈನ್‌ಮನೆಯಲ್ಲಿ ಇರುವವಳು, ನಲವತ್ತೈದರ ಆಸುಪಾಸು. ಕುಯ್ಯುವವರಲ್ಲಿ ಮೊದಲ ಸಾಲು ಅವಳದು. ಅವಳು ಹೋದ ವೇಗಕ್ಕೆ ಉಳಿದವರು ಹೋಗಬೇಕು, ಅವಳು ಕೂತಾಗ ಚಹಾ, ಅವಳು ಎದ್ದಾಗ ಕೆಲಸ. ಧಣಿಗಳಿಗಾದರೂ ಎದುರು ಹೇಳಬಹುದಿತ್ತು, ಜಯಮ್ಮನಿಗೆ ಹೇಳುವ ಹಾಗಿರಲಿಲ್ಲ.

“ಸಾರ್, ನನ್ ಗುಂಡಿ ಹೋಗಿ ಎರಡು ವರ್ಸ ಆಯ್ತು,” ಎಂದಳು. “ಅಂಗಿ ನನ್ ಮೈಗೆ ಬರೋಕ್ ಮುಂಚೇನೇ ಇರ್ನಿಲ್ಲ. ನನ್ ಗಂಡ ಕುಡುದು ಮೋರಿಗೆ ಬಿದ್ದಾಗ ಹೋದವು. ಬೇಕಾರೆ ಮೋರಿ ಹುಡುಕ್ಸಿ.”

ಸಾಲಿನಲ್ಲಿ ನಗೆ ಎದ್ದಿತು. ಧಣಿಗಳ ಕಿವಿ ಕೆಂಪಾಯಿತು. ಅವರು ನನ್ನ ಕಡೆ ತಿರುಗಿ, “ಏನ್ ಹೇಳ್ತೀರಿ ರೈಟ್ರೇ?” ಎಂದರು. ಹೇಳಬೇಕಾದ ಕ್ಷಣ ಅದೇ. ಎದುರಿಗೆ ಒಂದು ಸಿಲ್ವರ್ ಓಕ್ ಮರವಿತ್ತು. ಅದರ ತುದಿಯನ್ನು ಅಷ್ಟು ಶ್ರದ್ಧೆಯಿಂದ ನಾನು ಹಿಂದೆಂದೂ ನೋಡಿರಲಿಲ್ಲ. ನೋಡಿ ಮುಗಿಸುವಷ್ಟರಲ್ಲಿ ಜಯಮ್ಮನನ್ನು ಮೊದಲ ಸಾಲಿನಿಂದ ತೆಗೆದು ನೆಲ ಹೆಕ್ಕುವುದಕ್ಕೆ ಹಾಕಿದ್ದಾಗಿತ್ತು. ಗಿಡದ ಬುಡದಲ್ಲಿ ಉದುರಿದ ಹಣ್ಣನ್ನು ಬಗ್ಗಿ ಬಗ್ಗಿ ಹೆಕ್ಕುವ ಕೆಲಸ ಅದು. ಕೈ ಮೇಲೆ ಎತ್ತಲಾಗದ ಮುದುಕಿಯರಿಗೆ ಕೊಡುವಂಥದ್ದು. ಜಯಮ್ಮ ಸೊಂಟದ ಚೀಲ ಬಿಚ್ಚಿ ಪಕ್ಕದವಳಿಗೆ ಕೊಟ್ಟು ಬುಟ್ಟಿ ತೆಗೆದುಕೊಂಡಳು. ಅವಳು ಬೈದಿದ್ದರೆ ನನಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಮನೆಯಲ್ಲಿ ಸಾವಿತ್ರಿ ನನ್ನ ಫೋನಿಗೂ ಬಂದಿದ್ದ ಆ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು.

“ರೀ, ಈ ಗುಂಡಿ ನಂಗೊತ್ತು. ನಾಲ್ಕು ಸಲ ನಾನೇ ಹೊಲ್ದಿದ್ದೀನಿ. ಐದನೇ ಸಲ ನಿಮ್ಮ ಹೊಟ್ಟೆ ಅದನ್ನ ಒದ್ದು ಹಾಕಿದೆ.”

“ಆ ಥರದ ಗುಂಡಿ ಲೋಕದಲ್ಲಿ ಸಾವಿರ ಇರುತ್ತೆ ಕಣೆ.”

“ಇದ್ಕೆ ನೀಲಿ ದಾರದ ಚೂರು ಇನ್ನೂ ಅಂಟಿಕೊಂಡಿದೆ. ಬಿಳಿ ದಾರ ಮುಗ್ದಿತ್ತು ಅಂತ ನೀಲಿ ಹಾಕಿದ್ದೆ. ನಾಳೆ ಹೋಗಿ ಹೇಳಿಬಿಡಿ.”

ನಾಳೆ ಹೇಳುತ್ತೇನೆ ಎಂದೆ. ಮಾರನೆಯ ದಿನ ಧಣಿಗಳಿಗೆ ನೆಗಡಿಯಿತ್ತು, ನೆಗಡಿಯಾದವರಿಗೆ ಇಂಥದ್ದನ್ನು ಹೇಳಬಾರದು. ಅದರ ಮಾರನೆಯ ದಿನ ಅವರು ತುಂಬ ಖುಷಿಯಲ್ಲಿದ್ದರು, ಖುಷಿಯಲ್ಲಿದ್ದವರಿಗಂತೂ ಹೇಳಲೇಬಾರದು. ಆ ಮೇಲೆ ಅಮಾವಾಸ್ಯೆ ಬಂತು. ನಡುವೆ ಆ ಅಂಗಿಯನ್ನು ಮಡಿಸಿ ಟ್ರಂಕಿನ ತಳದಲ್ಲಿ, ನನ್ನ ಮದುವೆಯ ಕೋಟಿನ ಕೆಳಗೆ ಇಟ್ಟೆ. ಆ ಕೋಟು ಹಾಕಿದ್ದು ಜೀವಮಾನದಲ್ಲಿ ಒಂದೇ ದಿನ. ಅವತ್ತು ಅದರ ಮೂರು ಗುಂಡಿಯೂ ಸಲೀಸಾಗಿ ಕೂತಿದ್ದವು. ಈಗ ಆ ಕೋಟಿನೊಳಗೆ ನನ್ನ ಒಂದು ತೊಡೆ ಹಿಡಿಸಬಹುದು.

ಇಷ್ಟಕ್ಕೇ ನಿಂತಿದ್ದರೆ ಒಂದು ಹೆಣ್ಣಿಗೆ ಮಾತ್ರ ಅನ್ಯಾಯವಾಗಿರುತ್ತಿತ್ತು. ಪೊನ್ನಪ್ಪನವರು ನಮ್ಮ ತೋಟದಲ್ಲಿ ಇನ್ನು ಮೇಲೆ ಯಾರ ಅಂಗಿಗೂ ಗುಂಡಿ ಇರಕೂಡದು ಎಂದರು. ಪಿನ್ನು ಕೂಡ ಬೇಡ. ಹಾಗಾದರೆ ಅಂಗಿ ಮುಚ್ಚುವುದು ಹೇಗೆ ಎಂದು ಹೆಂಗಸರು ಕೇಳಿದರೆ ಅವರ ಹತ್ತಿರ ಉತ್ತರ ಸಿದ್ಧವಿತ್ತು.

“ಮದುವೆಗೆ ನಾವು ಕೊಡವರು ಉದ್ದ ಅಂಗಿ, ಕುಪ್ಯ ಹಾಕ್ತೇವಲ್ಲ, ಅದಕ್ಕೆ ಒಂದು ಗುಂಡಿ ಉಂಟಾ? ಸೊಂಟಕ್ಕೆ ಚೇಲೆ ಬಟ್ಟೆ ಬಿಗಿದ್ರೆ ಮುಗೀತು. ಅದನ್ನೇ ಹಾಕಿಕೊಂಡು ನಮ್ಮ ಅಜ್ಜಂದಿರು ಹುಲಿ ಹೊಡೆದಿಲ್ವಾ?”

ನೆಲದಲ್ಲಿ ಹೆಕ್ಕುತ್ತಿದ್ದ ಜಯಮ್ಮ ತಲೆಯೆತ್ತದೆಯೇ, “ಹುಲಿ ಅಂಗಿ ಒಳೀಕ್ ಬರಲ್ಲ ಸಾರ್, ಚಗಳಿ ಬತ್ತದೆ,” ಎಂದಳು.

ಆಗ ನನ್ನ ತಲೆಯಲ್ಲಿ ಒಂದು ದೀಪ ಹೊತ್ತಿತು. ಹೊತ್ತಿದ್ದು ದೀಪವಲ್ಲ, ಬೆಂಕಿ ಎಂದು ಆ ಮೇಲೆ ತಿಳಿಯಿತು. ತಂತಿಯಲ್ಲಿ ಒಂದು ಕೊಕ್ಕೆ ಮಾಡಿದರೆ? ಉದುರುವುದಿಲ್ಲ, ಒಡೆಯುವುದಿಲ್ಲ, ಬಟ್ಟೆಗೆ ಭದ್ರವಾಗಿ ಹೊಲಿಯಬಹುದು. “ಸಾರ್, ನಾನು ಮಾಡಿಕೊಡುತ್ತೇನೆ,” ಎಂದೆ. “ಎಲ್ಲರಿಗೂ ಕೊಕ್ಕೆ ಆದಮೇಲೆ ಜಯಮ್ಮನನ್ನೂ ಮೇಲೆ ತೆಗೆದುಕೊಳ್ಳಬಹುದಲ್ಲ?” ಧಣಿಗಳು ಯೋಚಿಸಿ, “ಆಗಲಿ, ಕೊಕ್ಕೆ ನಿಂತರೆ ಅವಳೂ ಮೇಲೆ ಬರಲಿ,” ಎಂದರು. ನನ್ನ ಜಾಣತನ ನೋಡಿ: ಜಯಮ್ಮನಿಗೆ ಅವಳ ಸಾಲು ಸಿಗುತ್ತದೆ, ನಾನು ಬಾಯಿ ಬಿಡಬೇಕಾಗಿಯೂ ಇಲ್ಲ. ಎರಡು ಮಾತಿನಲ್ಲಿ ಮುಗಿಯುವ ಸತ್ಯವನ್ನು ತಪ್ಪಿಸಿಕೊಳ್ಳಲು ಅಂಗಿಗೆ ಐದರಂತೆ ನೂರ ನಲವತ್ತು ಕೊಕ್ಕೆ ಬಾಗಿಸಲು ಒಪ್ಪಿಕೊಂಡವನು ನಾನೊಬ್ಬನೇ ಇರಬೇಕು.

ಮಾದರಿಗೆಂದು ಸಾವಿತ್ರಿಯ ರವಿಕೆಯ ಒಂದು ಹುಕ್ಕನ್ನು ಅವಳಿಗೆ ತಿಳಿಯದಂತೆ ಕಿತ್ತೆ. ತಿಳಿಯಿತು. ಆ ವಿಚಾರ ಇಲ್ಲಿ ಬೇಡ. ಅಷ್ಟು ಸಣ್ಣ ವಸ್ತುವಿನಲ್ಲಿ ಎಷ್ಟು ವಿದ್ಯೆಯಿದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಹಿಂದುಗಡೆ ಹೊಲಿಯುವುದಕ್ಕೆ ಎರಡು ಉಂಗುರ, ಅಲ್ಲಿಂದ ಒಂದು ಕತ್ತು, ಕತ್ತು ಮಡಿಸಿದಲ್ಲಿ ಒಂದು ಕೊಕ್ಕು, ಕೊಕ್ಕಿನ ಹೊಟ್ಟೆ ತುಸು ಒತ್ತಿರಬೇಕು, ಇಲ್ಲದಿದ್ದರೆ ಕುಣಿಕೆ ಜಾರುತ್ತದೆ. ಹಲಗೆಯ ಮೇಲೆ ಮೂರು ಮೊಳೆ ಹೊಡೆದು, ಅವುಗಳ ಸುತ್ತ ತಂತಿಯನ್ನು ಇಕ್ಕಳದಲ್ಲಿ ಎಳೆದು ಸುತ್ತಿ ಆಕಾರ ತೆಗೆಯುವುದು ನನ್ನ ಪದ್ಧತಿ. ಹಣ್ಣಿನ ಅಂಟು ಮೆತ್ತಿದ ಬೆರಳಿಗೆ ಸಿಗಬೇಕಲ್ಲ ಎಂದು ರವಿಕೆಯ ಹುಕ್ಕಿಗಿಂತ ಮೂರು ಪಟ್ಟು ದೊಡ್ಡದಾಗಿ ಮಾಡಿದೆ. ಮೊದಲನೆಯದು ಹಸುವಿನ ಕೊಂಬಿನ ಹಾಗಿತ್ತು. ಹತ್ತನೆಯದು ಕೊಕ್ಕೆಯ ಹಾಗಿತ್ತು. ಎರಡನೆಯ ದಿನಕ್ಕೆ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಊಟಕ್ಕೆ ಕೂತಾಗಲೂ ಜೇಬಿನಿಂದ ಒಂದನ್ನು ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಯಾರೋ ದೊಡ್ಡ ಮನುಷ್ಯರು ಬಂದು ಇದನ್ನು ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳುವ ಹಾಗೆ ಕನಸೂ ಬಿತ್ತು. ಪಾಪ ಮುಚ್ಚಲು ಹಿಡಿದ ಕೆಲಸದಲ್ಲಿ ಇಷ್ಟು ಸಂತೋಷ ಸಿಗಬಾರದು, ನನಗೆ ಸಿಕ್ಕಿತು.

“ಇದನ್ನ ಅಂಗಿಗಳಿಗೆ ಸ್ವಲ್ಪ ಹೊಲ್ದು ಕೊಡೇ,” ಎಂದು ಸಾವಿತ್ರಿಯನ್ನು ಕೇಳಿದೆ.

“ಸುಳ್ಳಿಗೆಲ್ಲ ನಾನು ಸೂಜಿ ಹಿಡಿಯಲ್ಲ,” ಎಂದು ಎದ್ದು ಹೋದಳು. ಹೆಂಗಸರೇ ತಮ್ಮ ತಮ್ಮ ಅಂಗಿಗೆ ಹೊಲಿದುಕೊಂಡರು.

ಮೊದಲ ಕೊಕ್ಕೆಗಳು ಕಟ್ಟಡದವರು ಕಂಬಿ ಕಟ್ಟುವ ಮೆತ್ತನೆಯ ತಂತಿಯವು. ಬೆಳಿಗ್ಗೆ ಹಾಜರಿಯಲ್ಲಿ ನಿಂತಾಗ ಎಲ್ಲ ಚೆಂದವಾಗಿ ಕೂತಿದ್ದವು. ಮೇಲಿನ ಕೊಂಬೆ ಬಗ್ಗಿಸಲೆಂದು ಇಪ್ಪತ್ತೇಳು ಜನ ಒಟ್ಟಿಗೆ ಕೈಯೆತ್ತಿದಾಗ ಇಪ್ಪತ್ತೇಳು ಅಂಗಿಯ ಕೊಕ್ಕೆಗಳೂ ನಿಟ್ಟುಸಿರು ಬಿಟ್ಟಂತೆ ನೆಟ್ಟಗಾಗಿ ತೆರೆದುಕೊಂಡವು. ಚಗಳಿಗಳು ಬಹುಕಾಲದಿಂದ ಕಾದಿದ್ದವರಂತೆ ಒಳಗೆ ನುಗ್ಗಿದವು. ನಮ್ಮ ತೋಟದಲ್ಲಿ ಕನ್ನಡದವರಿದ್ದಾರೆ, ತಮಿಳಿನವರಿದ್ದಾರೆ, ಮಲಯಾಳದವರಿದ್ದಾರೆ, ಎರವರಿದ್ದಾರೆ, ಈಚೆಗೆ ಅಸ್ಸಾಮಿನ ಕಡೆಯವರೂ ಇದ್ದಾರೆ. ಅವತ್ತು ಮಧ್ಯಾಹ್ನದೊಳಗೆ ನನ್ನ ವಂಶದ ಬಗ್ಗೆ ಈ ಎಲ್ಲ ಭಾಷೆಗಳಲ್ಲೂ ಅಭಿಪ್ರಾಯ ವ್ಯಕ್ತವಾಯಿತು. ಅರ್ಥವಾಗದ ಭಾಷೆಯ ಬೈಗಳೂ ಅರ್ಥವಾಗುತ್ತವೆ ಎಂಬುದು ನನಗೆ ಹೊಸ ವಿಷಯ.

ನಾನು ಸೋಲಲಿಲ್ಲ. ಆನೆ ತಡೆಯುವ ಸೋಲಾರ್ ಬೇಲಿಗೆ ತಂದು ಉಳಿದಿದ್ದ ತಂತಿಯ ಸುರುಳಿಯೊಂದು ಸ್ಟೋರಿನಲ್ಲಿತ್ತು. ಆನೆಯನ್ನೇ ತಡೆಯುವ ತಂತಿ ಇರುವೆಯನ್ನು ತಡೆಯದೇ? ಅದನ್ನು ಬಾಗಿಸುವಷ್ಟರಲ್ಲಿ ನನ್ನ ಎರಡು ಬೆರಳಿಗೆ ಬಟ್ಟೆ ಸುತ್ತಬೇಕಾಯಿತು. ಆದರೆ ಈ ಕೊಕ್ಕೆ, ನಾನೇ ಹೇಳಬಾರದು, ಅದ್ಭುತ. ಒಮ್ಮೆ ಸಿಕ್ಕಿಸಿದರೆ ಯಮ ಬಂದು ಎಳೆದರೂ ಬಿಚ್ಚುವುದಿಲ್ಲ. ಎಲ್ಲರಿಗೂ ಧೈರ್ಯ ಬರಲೆಂದು ನನ್ನ ಖಾಕಿ ಅಂಗಿಯ ಗುಂಡಿಗಳನ್ನೆಲ್ಲ ಕತ್ತರಿಸಿ ನಾನೂ ಕೊಕ್ಕೆ ಹಾಕಿಸಿಕೊಂಡೆ. ಅದನ್ನು ಹೆಂಗಸರು ‘ರೈಟ್ರು ಕೊಕ್ಕೆ’ ಎಂದು ಕರೆಯತೊಡಗಿದರು. ಮೊದಮೊದಲು ನನಗೆ ಹೆಮ್ಮೆಯಾಯಿತು.

ಕೊಕ್ಕೆಗೆ ಕುಣಿಕೆ ಯಾವುದು, ಕಾಫಿ ಕೊಂಬೆ ಯಾವುದು ಎಂಬ ಭೇದ ತಿಳಿಯದು ಎಂಬುದೊಂದೇ ನನ್ನ ಯೋಚನೆಗೆ ಬಾರದೆ ಹೋದದ್ದು. ಹೆಂಗಸರು ಗಿಡಗಳ ನಡುವೆ ನುಸುಳಿ ಕುಯ್ಯಬೇಕು. ನುಸುಳಿದಲ್ಲೆಲ್ಲ ಕೊಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಒಬ್ಬಳು ಮುಂದೆ ಹೋದರೆ ಅರ್ಧ ಗಿಡ ಹಿಂದೆಯೇ ಬರುತ್ತಿತ್ತು. ಅಕ್ಕಪಕ್ಕ ನಿಂತವರು ಒಬ್ಬರಿಗೊಬ್ಬರು ಸಿಕ್ಕಿಕೊಂಡು, ಮೂರು ದಿನದಿಂದ ಮಾತು ಬಿಟ್ಟಿದ್ದ ಅತ್ತೆ ಸೊಸೆಯರಿಬ್ಬರು ಇಡೀ ಒಂದು ಗಂಟೆ ಎದೆಗೆ ಎದೆ ಕೊಟ್ಟು ನಿಂತಿದ್ದರು. ಅವರ ಮನೆ ಒಂದಾಯಿತೆಂದು ನಾನು ಧಣಿಗಳಿಗೆ ವರದಿ ಮಾಡಿದೆ. ಜಯಮ್ಮನಿಗೆ ಮಾತ್ರ ಕೊಕ್ಕೆಯಿಲ್ಲ. ನೆಲ ಹೆಕ್ಕುವವರ ಅಂಗಿಯನ್ನು ಯಾರೂ ಕೇಳುವುದಿಲ್ಲ. ಅವಳು ಗಿಡದ ಬುಡದಿಂದ ನನ್ನನ್ನು ಕರೆದು ಕೇಳಿದಳು.

“ರೈಟ್ರೇ, ಇದು ಅಂಗಿ ಕೊಕ್ಕೆನಾ, ಮೀನು ಗಾಳನಾ?”

“ಅಭ್ಯಾಸ ಆಗಬೇಕು ಜಯಮ್ಮ. ನಾಳೆ ನೀನೂ ಮೇಲೆ ಬರ್ತೀಯ.”

“ಇದ್ನ ಹಾಕ್ಕಂಡು ಮೇಲೆ ಬರೋ ಬದ್ಲು ನೆಲ್ದಲ್ಲೇ ಸತ್ತೋಯ್ತೀನಿ ಬುಡಿ.”

ಅದು ಜಯಮ್ಮನನ್ನು ನೆಲಕ್ಕೆ ಹಾಕಿದ ಮೂರನೆಯ ವಾರದ ಕೊನೆ. ಕೆರೆಯ ಪಕ್ಕದ ಬ್ಲಾಕಿನಲ್ಲಿ ಕುಯ್ಯುತ್ತಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಾಚರ್ ಮೇಲಿನಿಂದ ಕೂಗಿದ: “ಆನೆ! ಆನೆ! ರೋಡಿಗೆ ಓಡಿ!” ನಮ್ಮ ಕಡೆ ಆನೆ ಬರುವುದು ಹೊಸತಲ್ಲ. ಬಂದಾಗ ಹೇಗೆ ಓಡಬೇಕು ಎಂಬುದೂ ಎಲ್ಲರಿಗೂ ಗೊತ್ತು. ಆದರೆ ಅವತ್ತು ಓಡಲು ಹೊರಟವರು ಗಿಡಕ್ಕೆ ಕಟ್ಟಿದ ಕರುಗಳಂತೆ ಅಲ್ಲಲ್ಲೇ ಜಗ್ಗಿ ನಿಂತರು. ಬಿಡಿಸಿಕೊಳ್ಳಲು ವ್ಯವಧಾನವೆಲ್ಲಿ? ಗಂಡಸರ ಅಂಗಿ, ಸಡಿಲವಾಗಿತ್ತು. ಹಾವು ಪೊರೆ ಬಿಟ್ಟ ಹಾಗೆ ತಲೆಯ ಮೇಲಿಂದ ಕಳಚಿ, ಸೀರೆ ಎತ್ತಿಕಟ್ಟಿ ಇಪ್ಪತ್ತೇಳು ಜನವೂ ರಸ್ತೆ ಸೇರಿದರು. ತೋಟದ ತುಂಬ ಖಾಲಿ ಅಂಗಿಗಳು ಕೈಚಾಚಿಕೊಂಡು ನಿಂತಿದ್ದವು. ಅವುಗಳ ನಡುವೆ ತುಂಬಿದ ಅಂಗಿ ಒಂದೇ, ಖಾಕಿಯದು. ನನ್ನ ಹೊಟ್ಟೆಯ ಮೇಲಿನ ಕೊಕ್ಕೆ ಹೆಬ್ಬೆರಳು ಗಾತ್ರದ ಕೊಂಬೆಯೊಂದನ್ನು ಕಚ್ಚಿ ಹಿಡಿದಿತ್ತು. ತಲೆಯ ಮೇಲಿಂದ ಕಳಚಿಕೊಳ್ಳಲು ನೋಡಿದೆ. ಅಂಗಿ ಹೊಟ್ಟೆಯವರೆಗೂ ಬಂದು, ಮುಂದೆ ದಾರಿಯಿಲ್ಲವೆಂದು ನಿಂತುಬಿಟ್ಟಿತು.

ಎಲ್ಲರೂ ಓಡಿದ ಮೇಲೆ ಒಬ್ಬಳು ವಾಪಸು ಬಂದಳು. ಜಯಮ್ಮ. ರಸ್ತೆಯಲ್ಲಿ ತಲೆ ಎಣಿಸಿದಾಗ ರೈಟರ್ ಒಬ್ಬರು ಕಡಿಮೆ ಎಂದು ಗೊತ್ತಾಗಿ ಬಂದಿದ್ದಳು. ಬಂದವಳೇ ಕೊಕ್ಕೆಗೆ ಕೈ ಹಾಕಿದಳು.

“ಹೊಟ್ಟೆ ಒ‍ಳೀಕ್ ಎಳ್ಕಳಿ ರೈಟ್ರೇ.”

“ಎಳ್ಕೊಂಡಿದ್ದೀನಿ.”

“ಎಳ್ಕಂಡ್ರೆ ಹಿಂಗಿರ್ತದಾ?”

ಅಷ್ಟರಲ್ಲಿ ಕೆರೆಯ ಕಡೆಯಿಂದ ಗಿಡ ಮುರಿಯುವ ಸದ್ದು ಬಂತು. ನಲವತ್ತು ಹೆಜ್ಜೆಯಾಚೆ ಒಂದು ಒಂಟಿ ಸಲಗ. ಅದು ಮೊದಲು ಸಿಕ್ಕಿದ ಖಾಲಿ ಅಂಗಿಯ ತೋಳನ್ನು ಸೊಂಡಿಲಿನಿಂದ ಹಿಡಿದು, ಕೈಕುಲುಕಿದ ಹಾಗೆ ಅಲ್ಲಾಡಿಸಿ, ಮೂಸಿ ನೋಡುತ್ತಿತ್ತು. ಮುಂದಿನ ಅಂಗಿಗೆ ಬಂತು. ಅದನ್ನೂ ಮಾತಾಡಿಸಿತು. ಸಾಲಿನಲ್ಲಿ ನಾನು ಆರನೆಯವನು. ಸಾಯುವ ಹೊತ್ತಿಗೆ ಬಾಳೆಲ್ಲ ಕಣ್ಣ ಮುಂದೆ ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಗುಂಡಿ ಒಂದೇ, ನೀಲಿ ಅಂಚಿನದು.

“ಜಯಮ್ಮ, ಆ ಗುಂಡಿ ನನ್ನದು,” ಎಂದೆ.

“ಯಾವ್ ಗುಂಡಿ?”

“ಕಾಫಿಲಿ ಸಿಕ್ಕಿದ್ದು. ನಿನ್ನ ನೆಲಕ್ಕೆ ಹಾಕಿಸಿದ್ದು. ಕಣದಲ್ಲಿ ಮಲಗಿದ್ದಾಗ ನನ್ನ ಅಂಗಿದು ಬಿದ್ದದ್ದು.”

ಅವಳ ಕೈ ನಿಂತಿತು.

“ಕೈ ನಿಲ್ಲಿಸಬೇಡವೇ ಮಾರಾಯ್ತಿ!”

“ಇನ್ನೊಂದ್ ಸಲ ಯೋಳಿ.”

“ಮೊದಲು ಬಿಡಿಸು.”

“ಮೊದ್ಲು ಯೋಳಿ.”

ಆನೆ ಮೂರನೆಯ ಅಂಗಿಯಲ್ಲಿತ್ತು. ನಾನು ಹೇಳಿದೆ. ಮೆಲ್ಲಗೆ ಹೇಳಬೇಕೆಂದಿದ್ದೆ, ಭಯಕ್ಕೆ ಗಂಟಲು ದೊಡ್ಡದಾಗಿ ಹೊರಟಿತು: “ಗುಂಡಿ ನನ್ನದು! ನಾನು ಸುಳ್ಳು ಹೇಳಿದೆ! ಜಯಮ್ಮನದು ಏನೂ ತಪ್ಪಿಲ್ಲ!” ಸಲಗ ಕಿವಿ ಬಿಚ್ಚಿ ನಮ್ಮ ಕಡೆ ನೋಡಿತು. ಲಾರಿ ಬ್ರೇಕು ಹಾಕಿದಂತೆ ಒಂದು ಸಲ ಸೀನಿತು. ಇಂಥ ಮನುಷ್ಯನ ಸಹವಾಸವೇ ಬೇಡ ಎಂದುಕೊಂಡಿತೋ ಏನೋ, ಹಿಂದಕ್ಕೆ ತಿರುಗಿ ಕೆರೆಯ ಏರಿ ಹತ್ತಿ ಆಚೆ ಹೋಯಿತು. ನನಗೆ ಜೀವ ಉಳಿದ ಸಂತೋಷ. ಅದರ ಹಿಂದೆಯೇ, ಛೆ, ಇನ್ನು ಎರಡು ನಿಮಿಷ ತಡೆದಿದ್ದರೆ ಹೇಳುವ ಅಗತ್ಯವೇ ಇರಲಿಲ್ಲವಲ್ಲ ಎಂಬ ವ್ಯಥೆ. ಇದನ್ನೂ ಮುಚ್ಚಿಡುವುದಿಲ್ಲ, ಒಪ್ಪಿಕೊಳ್ಳುವುದೆಂದ ಮೇಲೆ ಪೂರ್ತಿ ಒಪ್ಪಿಕೊಳ್ಳಬೇಕು.

ಜಯಮ್ಮ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಪರ್ರೆಂದು ಹರಿದಳು. ಕೊಕ್ಕೆ ಗಿಡದಲ್ಲೇ ಉಳಿಯಿತು.

“ಆನೆ ಹೋಯ್ತು ರೈಟ್ರೇ,” ಎಂದಳು. “ಮಾತು ಹೋಗಕ್ಕಿಲ್ಲ.”

ಸಂಜೆಯವರೆಗೆ ನಾನು ಯೋಚಿಸಿದ್ದು, ಸಾಕ್ಷಿ ಯಾರು ಎಂದು. ಅವಳು ಮತ್ತು ಆನೆ. ಆನೆ ಬಾಯಿ ಬಿಡುವುದಿಲ್ಲ. ಅವಳು ಹೇಳಿದರೂ, ಕೋಪಕ್ಕೆ ಹೇಳುತ್ತಿದ್ದಾಳೆ ಎಂದುಬಿಡಬಹುದು. ಹಣ್ಣು ತೂಗುವ ಹೊತ್ತಿಗೆ ಧಣಿಗಳು ಜೀಪಿಗೆ ಒರಗಿ ನಿಂತಿದ್ದರು. ಒಬ್ಬೊಬ್ಬರದೇ ಚೀಲ ತೂಗಿದೆ. ಜಯಮ್ಮ ಬಾಯಿ ತೆರೆಯಲೇ ಇಲ್ಲ. ಎಲ್ಲರೂ ಮುಗಿದ ಮೇಲೆ ತನ್ನ ಬುಟ್ಟಿ ತಂದಳು. ನೆಲ ಹೆಕ್ಕಿದ ಹಣ್ಣು. ಮಣ್ಣು, ತರಗೆಲೆ, ಅರ್ಧ ಒಣಗಿದ ಕಾಯಿ. ಮೊದಲ ಸಾಲಿನಲ್ಲಿ ಅವಳು ತುಂಬುತ್ತಿದ್ದ ಚೀಲ ಇಬ್ಬರು ಎತ್ತಬೇಕಿತ್ತು. ಈ ಬುಟ್ಟಿಯನ್ನು ಒಂದು ಕೈಯಲ್ಲಿ ತೂಕಕ್ಕೆ ಇಟ್ಟು, ಕೈಕಟ್ಟಿ ನನ್ನ ಮುಖ ನೋಡುತ್ತ ನಿಂತಳು. ತಕ್ಕಡಿಯ ಮುಳ್ಳು ಅಲ್ಲಾಡಿದಂತೆ ಮಾಡಿ ಅಲ್ಲೇ ನಿಂತಿತು. ನೋಡಲು ಸುತ್ತ ಸಿಲ್ವರ್ ಓಕ್ ಮರಗಳು ಬೇಕಾದಷ್ಟಿದ್ದವು. ಯಾಕೋ ಅವತ್ತು ಕಣ್ಣು ಮೇಲಕ್ಕೆ ಹೋಗಲಿಲ್ಲ.

“ಸಾರ್,” ಎಂದೆ. ಎಲ್ಲ ಹೇಳಿದೆ.

ಪೊನ್ನಪ್ಪನವರು ಜೀಪಿಗೆ ಒರಗಿದ್ದವರು ನೆಟ್ಟಗೆ ನಿಂತರು. “ಮೂರು ವಾರ ರೈಟ್ರೇ. ನಿಮ್ಮ ಒಂದು ಮಾತು ನಂಬಿ ಮೂರು ವಾರ ಇವಳನ್ನ ನೆಲಕ್ಕೆ ಹಾಕಿದೆ ನಾನು,” ಎಂದರು. ಆಮೇಲೆ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, “ನಂದೂ ತಪ್ಪಾಯ್ತು ಜಯಮ್ಮ. ನಾಳೆಯಿಂದ ನಿನ್ನ ಸಾಲು ನಿಂದೇ. ಇವರನ್ನ ಎಂಥ ಮಾಡೋಣ, ನೀನೇ ಹೇಳು,” ಎಂದರು.

ಹೆಂಗಸರ ಗುಂಪಿನಲ್ಲಿ ಸಲಹೆಗಳು ಎದ್ದವು. ಗುಂಡಿಯ ಬಗ್ಗೆ ಯಾರಿಗೂ ಅಷ್ಟು ಸಿಟ್ಟಿರಲಿಲ್ಲ. ಗುಂಡಿ ಎಂಬುದು ಬೀಳುವ ವಸ್ತುವೇ. ಸಿಟ್ಟೆಲ್ಲ ಕೊಕ್ಕೆಯ ಮೇಲೆ. ಇಪ್ಪತ್ತೇಳು ಅಂಗಿಯ ಕೊಕ್ಕೆಗಳನ್ನೂ ಒಟ್ಟಿಗೆ ನನ್ನ ಮೈಗೆ ಹಾಕಿಸಿ ಚಗಳಿ ಗೂಡಿನ ಕೆಳಗೆ ನಿಲ್ಲಿಸಬೇಕೆಂದು ಆ ಅತ್ತೆ ಸೊಸೆ ಒಕ್ಕೊರಲಿನಿಂದ ಹೇಳಿದರು. ಜಯಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

“ಅಂಗೆಲ್ಲ ಬ್ಯಾಡ ಸಾರ್, ವಯಸ್ಸಾದೋರು. ನಾನ್ ಹೆಕ್ಕಿದಷ್ಟು ದಿನ ಅವ್ರೂ ಹೆಕ್ಲಿ.”

ಮನೆಗೆ ಬಂದು ಸಾವಿತ್ರಿಗೆ ಎಲ್ಲ ಒಪ್ಪಿಸಿದೆ. ಹೊಗಳುತ್ತಾಳೆಂದು ಸ್ವಲ್ಪ ಕಾದೆ. ಅವಳು ಎಣ್ಣೆ ಬಿಸಿ ಮಾಡಿ ನನ್ನ ಸೊಂಟಕ್ಕೆಂದು ಮುಂಚಿತವಾಗಿಯೇ ಬಾಟಲಿಯಲ್ಲಿ ತುಂಬಿಟ್ಟಳು. “ಗುಂಡಿ ಬೇಡ, ಪಿನ್ನು ಬೇಡ ಅಂದ್ರೆ ತಲೆ ಮೇಲಿಂದ ಹಾಕೋ ಟೀ ಶರ್ಟು ಕೊಡಿಸಿದ್ರಾಗ್ತಿತ್ತು,” ಎಂದಳು.

“ಇದನ್ನ ಮೂರು ವಾರದ ಹಿಂದೆ ಹೇಳಬಾರ್ದಿತ್ತೇನೇ?”

“ನೀವೆಲ್ಲಿ ಕೇಳಿದ್ರಿ? ನೀವು ಇಂಜಿನಿಯರ್ ಆಗಿದ್ರಿ.”

ಧಣಿಗಳು ಟೀ ಶರ್ಟು ಕೊಡಿಸಿದರು. ನಾನು ನೆಲ ಹೆಕ್ಕಲು ಹೋದೆ. ಬಗ್ಗುವುದೆಂದರೆ ಏನು ಎಂದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಕಲಿತೆ. ಮೊದಲ ದಿನ ನನಗೆ ಕೊಟ್ಟದ್ದು ಜಯಮ್ಮನ ಸಾಲಿನ ಕೆಳಗಿನ ಗಿಡಗಳು. ಆ ಹೆಂಗಸು ಇಷ್ಟು ವರ್ಷ ಕುಯ್ದಿದ್ದಾಳೆ, ಅವಳ ಗಿಡದ ಕೆಳಗೆ ಒಂದು ಮುಷ್ಟಿ ಹಣ್ಣು ಬಿದ್ದದ್ದನ್ನು ನಾನು ಕಂಡಿಲ್ಲ. ಹೆಕ್ಕುವ ಮುದುಕಿಯರು ಅವಳ ಸಾಲು ಬೇಡವೆಂದು ಬೇರೆ ಸಾಲು ಕೇಳುತ್ತಿದ್ದರು. ನನಗೆ ಒಳ್ಳೆಯ ಸಾಲೇ ಸಿಕ್ಕಿತೆಂದು ಬುಟ್ಟಿ ಇಟ್ಟು ಕೂತೆ. ಮೇಲೆ ಅವಳ ಕೈ ಓಡುವ ಸದ್ದು ಕೇಳುತ್ತಿತ್ತು. ಒಂದು ಹಣ್ಣು ನನ್ನ ತಲೆಯ ಮೇಲೆ ಬಿತ್ತು. ಆಮೇಲೆ ನಾಲ್ಕು. ಆಮೇಲೆ ಆಲಿಕಲ್ಲಿನ ಹಾಗೆ ಸುರಿಯತೊಡಗಿತು.

“ಏನಮ್ಮ ಜಯಮ್ಮ, ಕೈ ನಡುಗ್ತಾ ಇದೆಯಾ?” ಎಂದು ಕೆಳಗಿನಿಂದಲೇ ಕೇಳಿದೆ.

“ಊ ಕಣಿ ರೈಟ್ರೇ,” ಎಂದಳು ಮೇಲಿನಿಂದ. “ಮೂರು ವಾರ ಬಗ್ಗಿ ಬಗ್ಗಿ ಕೈಯ ಹದ ತಪ್ಪೋಗದೆ. ಸರೋಗಕ್ಕೆ ಇನ್ನೂ ಮೂರು ವಾರ ಬೇಕಾಗ್ಬೋದು.”

ಇಡೀ ಸಾಲು ನಕ್ಕಿತು. ನಾನು ಬುಟ್ಟಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ತಲೆಗೆ ಟವೆಲು ಹಾಕಿಕೊಂಡು, ಒಂದೊಂದೇ ಹೆಕ್ಕತೊಡಗಿದೆ.